ಯಾರು ನೋಡ್ತಾರೆ ಅಂತೀರಿ, ತೋರಿಸಿದವರು ಯಾರು?

ತಾಳಿಕೋಟೆಯ ಓದುಗರೊಬ್ಬರಿಗೆ ನಮ್ಮ ಮೇಲೆ ಸಿಟ್ಟು ಬಂದಿದೆ. ಕಳೆದ ಸಂಚಿಕೆಯಲ್ಲಿ ಗಿರೀಶ ಕಾಸರವಳ್ಳಿ ಅವರ ಸಿನಿಮಾಗಳಿಗೆ ನಾಲ್ಕು ಪುಟ ಕೊಟ್ಟಿದ್ದೇ ದಂಡವಂತೆ. ‘ಹಾಡಿಲ್ಲ, ಹೊಡೆದಾಟ ಇಲ್ಲ, ಇಂಥವನ್ನು ನಮ್ಮ ಕಡೆ ಯಾರು ನೋಡ್ತಾರೆ?’ ಎಂದು ಬರೆದಿದ್ದಾರೆ.

ಒಂದು ಮಾತು ಒಪ್ಪಿದೆ ಸರ್. ಸುಮ್ನೆ ಗೋಡೆ ತೋರಿಸುತ್ತಾ ಕೂರುವ ಸಿನಿಮಾಗಳೂ ಇವೆ, ನಾನೂ ಅಲ್ಲಿ ನಿದ್ದೆ ಹೊಡೆದಿದ್ದೇನೆ. ಅಷ್ಟೇ, ಇನ್ನು ನನ್ನ ಪಾಳಿ.

ಕಾಸರವಳ್ಳಿ ಓದಿದ್ದು ಫಾರ್ಮಸಿ. ಅದನ್ನು ಬಿಟ್ಟು ಪುಣೆಗೆ ಹೋಗಿ ಸಿನಿಮಾ ಕಲಿತರು. 1977ರಲ್ಲಿ, ಇನ್ನೂ 27ರ ಆಸುಪಾಸಿನಲ್ಲಿ, ಕಪ್ಪು ಬಿಳುಪಿನ ‘ಘಟಶ್ರಾದ್ಧ’ ಮಾಡಿ, ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ತಂದರು. ಆಮೇಲೆ ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಸೇರಿ ಒಟ್ಟು ನಾಲ್ಕು ಸ್ವರ್ಣಕಮಲ. 2024ರಲ್ಲಿ ‘ಘಟಶ್ರಾದ್ಧ’ದ ಹಳೆಯ ಪ್ರತಿಯನ್ನು ಸರಿಪಡಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ವಿಜಯಪುರದ ಟಾಕೀಸಿನಲ್ಲಿ ಮಾತ್ರ ಅವರ ಒಂದು ಸಿನಿಮಾ ನೋಡುವ ಭಾಗ್ಯ ನನಗೆ ಇವತ್ತಿಗೂ ಸಿಕ್ಕಿಲ್ಲ.

ಕೆಲವು ವರ್ಷಗಳ ಹಿಂದೆ ಸಿಂದಗಿ ಹತ್ತಿರದ ಹಳ್ಳಿಯ ಶಾಲೆಯಲ್ಲಿ ನಾವು ನಾಲ್ಕು ಜನ ಸೇರಿ ‘ತಬರನ ಕಥೆ’ ತೋರಿಸಿದೆವು. ಪರದೆ ಅಂದರೆ ಹೆಡ್‌ಮಾಸ್ತರರ ಬಿಳಿ ಧೋತರ. ಮಡಿಕೆಯ ಗೆರೆ ಹಾಗೇ ಇದ್ದು, ತಬರನ ಪಾತ್ರ ಮಾಡಿದ ಚಾರುಹಾಸನ್ ಮುಖ ನಡುವೆ ಸೀಳಿದಂತೆ ಕಾಣುತ್ತಿತ್ತು. ಎರಡು ಸಲ ಕರೆಂಟ್ ಹೋಯಿತು, ಜನ ಏಳಲಿಲ್ಲ. ತಬರ ಪಿಂಚಣಿಗಾಗಿ ಅಲೆಯುವಾಗ ಮುಂದೆ ಕೂತಿದ್ದ ಅಜ್ಜ ಒಬ್ಬರು ಪರದೆಗೇ ಹೇಳಿದರು: ‘ಹೋಗಬ್ಯಾಡೋ ತಮ್ಮಾ, ಸಾಹೇಬ ಇರೂದಿಲ್ಲ.’ ಎಲ್ಲರೂ ನಕ್ಕರು. ತಬರನ ಹೆಂಡತಿಯ ಕಾಲು ಕೊಳೆಯತೊಡಗಿದ ಮೇಲೆ ಆ ನಗು ಮತ್ತೆ ಕೇಳಲಿಲ್ಲ.

ಇದು ನಮ್ಮ ಜನಕ್ಕೆ ತಿಳಿಯಲ್ಲ ಅಂತೀರಾ? ನೀವು ಓದಿದವರು, ನಿಮ್ಮಿಂದ ಈ ಮಾತು ನಿರೀಕ್ಷಿಸಿರಲಿಲ್ಲ. ನೀವು ಹೊಗಳುವ ದೊಡ್ಡ ಸಿನಿಮಾಗಳಲ್ಲಿ ನಮ್ಮ ಕಡೆಯ ಭಾಷೆ ಯಾರ ಬಾಯಲ್ಲಿರುತ್ತೆ ಹೇಳಿ. ಅಡುಗೆಭಟ್ಟ, ವಾಚ್‌ಮನ್, ಜಾಸ್ತಿ ಅಂದರೆ ಹೀರೋನ ಪೆದ್ದ ಗೆಳೆಯ! ಅದಕ್ಕೆ ಸಿಟ್ಟು ಬಂದು ಒಂದು ಪತ್ರವನ್ನಾದರೂ ಯಾರೂ ನನಗೆ ಬರೆದಿಲ್ಲ.

ಶ್ಯಾಮ್ ಬೆನಗಲ್ ಅವರ 1976ರ ಹಿಂದಿ ಸಿನಿಮಾ ‘ಮಂಥನ’ ತಯಾರಾಗಲು ಗುಜರಾತಿನ ಐದು ಲಕ್ಷ ಹೈನುಗಾರರು ತಲಾ 2 ರೂಪಾಯಿ ಹಾಕಿದರು. ಜಾತ್ರೆಗೆ ಪಟ್ಟಿ ಎತ್ತಿ ರಾತ್ರಿಯಿಡೀ ನಾಟಕ ಆಡಿಸುವ ಊರುಗಳು ನಮ್ಮವು, ನಮಗೇನು ಕಡಿಮೆ?

ನಿಮ್ಮೂರಲ್ಲಿ ಒಂದು ಶಾಲೆ ಗೊತ್ತು ಮಾಡಿ ಸರ್, ಪ್ರೊಜೆಕ್ಟರ್ ನಾವು ತರುತ್ತೇವೆ. ಧೋತರ ನಿಮ್ಮದು. ಇಸ್ತ್ರಿ ಮಾಡಿಸಿಡಿ.