ಮನೆ ಮುಂದೆ ಸಮುದ್ರ ಇದ್ರೂ ಟ್ಯಾಂಕಿಗೆ ಆ ನೀರು ಬೇಡ ಮಾರಾಯ್ರೆ

ಮರೈನ್ ಟ್ಯಾಂಕ್, ಅಂದ್ರೆ ಉಪ್ಪುನೀರಲ್ಲಿ ಸಮುದ್ರದ ಮೀನು ಸಾಕೋ ಟ್ಯಾಂಕ್ ಬಗ್ಗೆ ಬರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ, ಕೇಳೋರ ಊರು ಮಾತ್ರ ಬೇರೆ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ. ಟ್ಯಾಂಕ್ ಸ್ಟ್ಯಾಂಡ್ ಮಟ್ಟಸ ಇರ್ಬೇಕಾ, ಕಿಟಕಿ ಬಿಸಿಲು ಬಿದ್ರೆ ಎಂತ ಆಗುತ್ತೆ ಅನ್ನೋದೆಲ್ಲ ಇಲ್ಲಿ ಹೇಳಲ್ಲ, ಅದು ಗೊತ್ತಿಲ್ಲದವ್ರು ಮೊದಲು ಒಂದು ವರ್ಷ ಸಿಹಿನೀರಿನ ಗಪ್ಪಿ ಮೀನು ಸಾಕಿ ಆಮೇಲೆ ಬನ್ನಿ.

ಪ್ರಶ್ನೆ: ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ, ಬೀಚಿಗೆ ನಡ್ಕೊಂಡೇ ಹೋಗ್ಬಹುದು. 80 ಲೀಟರಿನ ಸಣ್ಣ ರೀಫ್ ಟ್ಯಾಂಕ್ (ಹವಳ, ಸಮುದ್ರದ ಮೀನು ಇಡೋದು) ಮಾಡ್ಬೇಕು ಅಂತಿದೀನಿ. ಸಮುದ್ರದ ನೀರು ಪುಕ್ಕಟೆ ಸಿಗ್ತಿರುವಾಗ ದುಡ್ಡು ಕೊಟ್ಟು ಟ್ಯಾಂಕಿಗೆ ಅಂತಲೇ ಮಾರೋ ಪ್ಯಾಕೆಟ್ ಉಪ್ಪು ಯಾಕೆ ತರ್ಬೇಕು?

ಉತ್ತರ: ಯಾಕಂದ್ರೆ ನಿಮ್ಮ ಮನೆ ಹತ್ರ ಇರೋದು ರೀಫ್ ನೀರಲ್ಲ, ಕಾಳಿ ನದಿ ಬಂದು ಸೇರೋ ಅಳಿವೆ ನೀರು. ರೀಫ್ ಜೀವಿಗಳಿಗೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರೋ ತಿಳಿ ನೀರು ಬೇಕು, ಅದೂ ವರ್ಷಪೂರ್ತಿ ಹಾಗೇ ಇರ್ಬೇಕು. ಮಳೆಗಾಲದಲ್ಲಿ ನಿಮ್ಮ ಬೀಚಿನ ನೀರಿನ ಬಣ್ಣ ಎಂತ ಇರುತ್ತೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಘಟ್ಟದಲ್ಲಿ ನಾಲ್ಕು ದಿನ ಮಳೆ ಹೊಡೆದು ಕದ್ರಾ ಡ್ಯಾಮಿನ ಗೇಟು ತೆಗೆದ್ರೆ ಆ ಕೆಂಪು ನೀರೆಲ್ಲ ಬಂದು ಬೀಳೋದು ಇಲ್ಲಿಗೇ. ಸಿಹಿನೀರು ಹಗುರ, ಹಾಗಾಗಿ ಅದು ಮೇಲ್ಗಡೆನೇ ಹರಡ್ಕೊಳ್ಳುತ್ತೆ, ನೀವು ಬಕೆಟ್ ಅದ್ದೋದೂ ಮೇಲ್ಗಡೆನೇ. ಅಂಕೋಲಾದವ್ರು "ನಮ್ಮಲ್ಲಿ ಹಾಗಿಲ್ಲ" ಅನ್ಬೇಡಿ, ನಿಮಗೆ ಗಂಗಾವಳಿ ಇದೆ, ಕುಮಟಾದವ್ರಿಗೆ ಅಘನಾಶಿನಿ, ಹೊನ್ನಾವರಕ್ಕೆ ಶರಾವತಿ. ನಮ್ಮ ಕರಾವಳಿ ಪೂರ್ತಿ ನದಿ ಬಾಯಿನೇ.

ಇಷ್ಟು ಹೇಳಿದ ಕೂಡ್ಲೇ ಬರೋ ಮಾತು "ಹಂಗಾದ್ರೆ ಬೇಸಿಗೆಯಲ್ಲಿ ತರ್ತೀನಿ". ಫೆಬ್ರವರಿ ಮಾರ್ಚಲ್ಲಿ ಉಪ್ಪಿನಂಶ ಸರಿ ಇರುತ್ತೆ, ಒಪ್ಕೊಂಡೆ. ಆದ್ರೆ ನೀರಲ್ಲಿ ಬರೀ ಉಪ್ಪು ಇರಲ್ವಲ್ಲ. ಬೈತಖೋಲ ಬಂದರಲ್ಲಿ ಬೋಟುಗಳು ನಿಂತಿರ್ತವೆ, ಡೀಸೆಲ್ ಎಣ್ಣೆ, ಮೀನು ತೊಳೆದ ನೀರು, ಊರ ಚರಂಡಿ, ಎಲ್ಲ ದಡದ ನೀರಲ್ಲೇ ಸೇರುತ್ತೆ. ಅದರಲ್ಲಿರೋ ನೈಟ್ರೇಟು ಫಾಸ್ಫೇಟು ನಿಮ್ಮ ಟ್ಯಾಂಕಿಗೆ ಬಂದ್ರೆ ಗ್ಲಾಸಿನ ಮೇಲೆ ಹಸಿರು ಪಾಚಿ, ಕಲ್ಲಿನ ಮೇಲೆ ಕೂದಲು ಪಾಚಿ, ಆಮೇಲೆ ನನಗೆ ಫೋಟೋ ಕಳಿಸಿ ಇದಕ್ಕೆ ಎಂತ ಔಷಧಿ ಅಂತ ಕೇಳ್ತೀರಿ.

ಇನ್ನೊಂದು, ಆ ನೀರಿಗೆ ಜೀವ ಇದೆ. ಕ್ಯಾನಿಗೆ ತುಂಬಿ ಮುಚ್ಚಳ ಹಾಕಿ ಮನೆಗೆ ತರೋಷ್ಟರಲ್ಲಿ ಪ್ಲಾಂಕ್ಟನ್ ಅನ್ನೋ ಸೂಕ್ಷ್ಮ ಜೀವಿಗಳು ಸಾಯೋಕೆ ಶುರು, ಸತ್ತಿದ್ದು ಕೊಳೆಯುತ್ತೆ, ಆಕ್ಸಿಜನ್ ಇಳಿಯುತ್ತೆ, ಮೀನಿಗೆ ವಿಷವಾದ ಅಮೋನಿಯಾ ಏರುತ್ತೆ. ಕೆಲವು ಸಲ ಮಳೆ ಮುಗಿದ ಮೇಲೆ ರಾತ್ರಿ ಅಲೆ ನೀಲಿಯಾಗಿ ಮಿನುಗುತ್ತೆ ಅಂತ ಜನ ಬೀಚಿಗೆ ಮೊಬೈಲ್ ಹಿಡ್ಕೊಂಡು ಓಡ್ತಾರಲ್ಲ, ಹಾಗೆ ಮಿನುಗೋದು ಹೆಚ್ಚಾಗಿ ನಾಕ್ಟಿಲ್ಯೂಕಾ ಅನ್ನೋ ಏಕಕೋಶ ಜೀವಿ, ಅದು ತನ್ನ ಮೈಯೊಳಗೇ ಅಮೋನಿಯಾ ತುಂಬ್ಕೊಂಡಿರುತ್ತೆ. ಅಂಥಾ ನೀರು ಒಂದು ಬಕೆಟ್ ಸಾಕು ಸಣ್ಣ ಟ್ಯಾಂಕ್ ಮುಗಿಸೋಕೆ. ಮೀನಿನ ಮೈಮೇಲೆ ಬಿಳಿ ಚುಕ್ಕಿ ತರೋ ಕ್ರಿಪ್ಟೋಕ್ಯಾರಿಯಾನ್ ಥರದ ಪರಾವಲಂಬಿಗಳಿಗೂ ಸಮುದ್ರದ ನೀರೇ ಮನೆ. ಸಮುದ್ರದಲ್ಲಿ ಮೀನು ಈಜ್ಕೊಂಡು ಆಚೆ ಹೋಗುತ್ತೆ, ನಿಮ್ಮ 80 ಲೀಟರಲ್ಲಿ ಎಲ್ಲಿಗೆ ಹೋಗ್ಬೇಕು?

"ಹ್ಯಾಚರಿಯವ್ರು ಸಮುದ್ರದ ನೀರೇ ಬಳಸ್ತಾರಲ್ಲ ಸರ್" ಅಂತ ಬುದ್ಧಿವಂತ್ರು ಕೇಳ್ತಾರೆ. ಬಳಸ್ತಾರೆ. ಅವ್ರ ಹತ್ರ ಮರಳಿನ ಫಿಲ್ಟರ್ ಇದೆ, ಕಾರ್ಟ್ರಿಜ್ ಫಿಲ್ಟರ್ ಇದೆ, ಯುವಿ ಇದೆ, ಕ್ಲೋರಿನ್ ಹಾಕಿ ಆಮೇಲೆ ಥಯೋಸಲ್ಫೇಟ್ ಹಾಕಿ ಅದನ್ನ ತೆಗೆದು, ಉಳಿದಿಲ್ಲ ಅಂತ ಟೆಸ್ಟ್ ಮಾಡೋ ಜನ ಇದಾರೆ. ನಿಮ್ಮ ಹತ್ರ ಲುಂಗಿ ಬಟ್ಟೆಯಲ್ಲಿ ಸೋಸೋ ಪ್ಲಾನ್ ಇದೆ. ಬ್ಲೀಚಿಂಗ್ ಪೌಡರ್ ಅಂದಾಜಲ್ಲಿ ಹಾಕಿ ನೀರು ಶುದ್ಧ ಮಾಡಿದೀನಿ ಅನ್ನೋರನ್ನ ಕಂಡ್ರೆ ನನಗೆ ಮೈ ಉರಿಯುತ್ತೆ, ದಯವಿಟ್ಟು ಬೇಡ.

ಬೋಟಿನವ್ರ ಪರಿಚಯ ಇದೆ, ದಡದಿಂದ ದೂರ ಸಮುದ್ರದೊಳಗಿಂದ ನೀರು ತರಿಸ್ತೀನಿ ಅಂತೀರಾ. ನೀರು ಚೆನ್ನಾಗೇ ಇರುತ್ತೆ. ಆದ್ರೆ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟು ಇಳಿಯೋ ಹಾಗೇ ಇಲ್ಲ, ದಡದ ನೀರು ಕೆಟ್ಟಿರೋದೂ ಅದೇ ಟೈಮಲ್ಲಿ. ಪ್ರತಿ ವಾರ 10% ನೀರು ಬದಲಾಯಿಸ್ಬೇಕಾದ ಟ್ಯಾಂಕಿಗೆ ಆ ಎರಡು ತಿಂಗಳು ಎಂತ ಹಾಕ್ತೀರಿ?

ಈಗ ಖರ್ಚಿನ ಲೆಕ್ಕ. ಆ ಪ್ಯಾಕೆಟ್ ಉಪ್ಪು, ಅಂದ್ರೆ ರೀಫ್ ಸಾಲ್ಟ್, ಲೀಟರಿಗೆ ಸುಮಾರು 38 ಗ್ರಾಂ ಬೇಕು, ಬ್ರ್ಯಾಂಡ್ ಮೇಲೆ ಸ್ವಲ್ಪ ಆಚೀಚೆ. 80 ಲೀಟರಿಗೆ ಮೊದಲ ಸಲ 3 ಕೆಜಿ. ವಾರಕ್ಕೆ 8 ಲೀಟರ್ ಬದಲಾಯಿಸಿದ್ರೆ 300 ಗ್ರಾಂ, ಅಂದ್ರೆ ತಿಂಗಳಿಗೆ ಸುಮಾರು ಒಂದೂಕಾಲು ಕೆಜಿ. ಇಷ್ಟಕ್ಕೆ ಹೆದರೋರು ಲೈಟಿನ ರೇಟು ಕೇಳಿದ್ರೆ ಎಂತ ಮಾಡ್ತೀರೋ. ಲೈಟಿಗೆ, ಇಂಪೋರ್ಟೆಡ್ ಪಂಪಿಗೆ ದುಡ್ಡು ಸುರಿದು ನೀರಿನಲ್ಲಿ ಉಳಿತಾಯ ಮಾಡೋ ಲಾಜಿಕ್ ನನಗಂತೂ ಅರ್ಥ ಆಗಿಲ್ಲ.

ಉಪ್ಪು ಕರಗಿಸೋಕೆ ಆರ್‌ಒ ನೀರೇ ಬೇಕು, ನೀರಲ್ಲಿ ಕರಗಿರೋದನ್ನ ಅಳೆಯೋ ಟಿಡಿಎಸ್ ಮೀಟರಲ್ಲಿ ಸೊನ್ನೆ ಹತ್ರ ಇರ್ಬೇಕು, ಅಡುಗೆಮನೆ ಫಿಲ್ಟರಲ್ಲಿ ಮಿನರಲ್ ವಾಪಸ್ ಸೇರಿಸ್ತಿದ್ರೆ ಅದು ಆಗಲ್ಲ. ಬಾವಿ ನೀರು ಬೇಡ, ನಮ್ಮ ಚಿರೆಕಲ್ಲಿನ ನೆಲದ ಬಾವಿಯಲ್ಲಿ ಕಬ್ಬಿಣ ಇರ್ಬಹುದು, ದಡದ ಹತ್ರ ಆದ್ರೆ ಬೇಸಿಗೆಯಲ್ಲಿ ಬಾವಿನೇ ಉಪ್ಪಾಗುತ್ತೆ. ಮೊದಲು ನೀರು, ಆಮೇಲೆ ಉಪ್ಪು. ಉಲ್ಟಾ ಮಾಡಿದ್ರೆ ಕ್ಯಾಲ್ಸಿಯಂ ಗಟ್ಟಿಯಾಗಿ ತಳದಲ್ಲಿ ಬಿಳಿ ಪುಡಿಯಾಗಿ ಕೂತ್ಕೊಳ್ಳುತ್ತೆ. ಬೇರೆ ಡ್ರಮ್ಮಲ್ಲಿ ಪಂಪ್ ಹಾಕಿ ಒಂದು ದಿನ ತಿರುಗಿಸಿ, ಉಪ್ಪಿನಂಶ ಅಳೆಯೋ ರಿಫ್ರಾಕ್ಟೋಮೀಟರಲ್ಲಿ ಸಾಪೇಕ್ಷ ಸಾಂದ್ರತೆ 1.025 ಅಥವಾ 1.026 ಬಂದ್ಮೇಲೆ ಟ್ಯಾಂಕಿಗೆ. ಮೀನಿರೋ ಟ್ಯಾಂಕಿಗೆ ನೇರ ಉಪ್ಪು ಸುರಿಯೋರು ಇದಾರೆ, ಅವ್ರಿಗೆ ಹೇಳೋಕೆ ನನ್ನ ಹತ್ರ ಒಳ್ಳೆ ಮಾತಿಲ್ಲ. ನೀರು ಆವಿಯಾಗಿ ಕಮ್ಮಿ ಆದ್ರೆ ಉಪ್ಪು ನೀರು ಸೇರಿಸ್ಬೇಡಿ, ಆವಿಯಾಗೋದು ನೀರು ಮಾತ್ರ, ಉಪ್ಪು ಒಳಗೇ ಇರುತ್ತೆ, ಹಾಗಾಗಿ ದಿನಾ ಬರೀ ಆರ್‌ಒ ನೀರು ಸೇರಿಸಿ.

ಪ್ರಶ್ನೆ: ಪ್ಯಾಕೆಟ್ ಸಾಲ್ಟ್ ಬದಲು ನಮ್ಮ ಸಾಣಿಕಟ್ಟಾ ಆಗರದ ಉಪ್ಪು ಹಾಕಿದ್ರೆ? ಅದೂ ಸಮುದ್ರದ ನೀರಿಂದಲೇ ಮಾಡಿದ್ದಲ್ವಾ? (ಕೇಳಿದ್ದು ಗೋಕರ್ಣದ ಹತ್ರದವ್ರು.)

ಉತ್ತರ: ಉಪ್ಪಿನಕಾಯಿಗೆ ಅದಕ್ಕಿಂತ ಒಳ್ಳೆ ಉಪ್ಪಿಲ್ಲ, ಟ್ಯಾಂಕಿಗೆ ಬೇಡ. ಆಗರದಲ್ಲಿ ನೀರು ಒಣಗುವಾಗ ಎಲ್ಲ ಒಟ್ಟಿಗೆ ಹರಳಾಗಲ್ಲ. ಮೊದಲು ಕ್ಯಾಲ್ಸಿಯಂ ಸುಣ್ಣವಾಗಿ, ಜಿಪ್ಸಂ ಆಗಿ ಕೂರುತ್ತೆ, ನೀರು ಹತ್ತರಲ್ಲಿ ಒಂದು ಪಾಲಿಗೆ ಇಳಿದ ಮೇಲೆ ನಾವು ತಿನ್ನೋ ಉಪ್ಪು ಬರುತ್ತೆ, ಮೆಗ್ನೀಸಿಯಂ ಪೊಟ್ಯಾಶಿಯಂ ಹೆಚ್ಚಿನದು ಕೊನೆಗೆ ಉಳಿಯೋ ಕಹಿ ನೀರಲ್ಲೇ ಹೋಗುತ್ತೆ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 410 ಮಿಲಿಗ್ರಾಂ ಕ್ಯಾಲ್ಸಿಯಂ, 1300ರ ಹತ್ರ ಮೆಗ್ನೀಸಿಯಂ ಇರುತ್ತೆ. ಹರಳುಪ್ಪನ್ನ ಮತ್ತೆ ಕರಗಿಸಿದ್ರೆ ಆ ಲೆಕ್ಕ ವಾಪಸ್ ಬರಲ್ಲ, ರಿಫ್ರಾಕ್ಟೋಮೀಟರ್ ಮಾತ್ರ ಎಲ್ಲ ಸರಿ ಇದೆ ಅಂತ ಸುಳ್ಳು ತೋರಿಸುತ್ತೆ.

ಪ್ರಶ್ನೆ: ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋಗ್ತಿದೀವಿ, ಒಂದು ಸಣ್ಣ ಹವಳದ ತುಂಡು ತಂದ್ರೆ?

ಉತ್ತರ: ಜೈಲಿಗೆ ಹೋಗ್ತೀರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿ ಹವಳ ಇದೆ, ಸಮುದ್ರಕುದುರೆನೂ ಇದೆ, ಹುಲಿ ಇರೋದೂ ಅದೇ ಪಟ್ಟಿಯಲ್ಲಿ. ಅಂಗಡಿಯವ "ಇಂಪೋರ್ಟೆಡ್ ಕೋರಲ್ ಸರ್" ಅಂದ್ರೆ ಪೇಪರ್ ತೋರಿಸು ಅನ್ನಿ, ತೋರಿಸದಿದ್ರೆ ಎದ್ದು ಬನ್ನಿ. ನನ್ನ ಮಾತು ಕೇಳೋದಾದ್ರೆ ಮೊದಲ ಟ್ಯಾಂಕಿಗೆ ಹವಳನೇ ಬೇಡ. ಒಣ ಕಲ್ಲು, ಸ್ವಲ್ಪ ಸಮುದ್ರ ಪಾಚಿ, ಟ್ಯಾಂಕಲ್ಲೇ ಮರಿ ಮಾಡಿಸಿದ ಒಂದು ಜೊತೆ ಕ್ಲೌನ್ ಮೀನು, ಒಂದು ಗೋಬಿ ಮೀನು, 80 ಲೀಟರಿಗೆ ಅಷ್ಟು ಸಾಕು. ಕ್ಲೌನಿಗೆ ಅನಿಮೋನಿ (ಹೂವಿನ ಥರ ಕಾಣೋ ಸಮುದ್ರ ಜೀವಿ) ಬೇಕೇ ಬೇಕು ಅನ್ನೋದು ನೀಮೋ ಸಿನಿಮಾ ನೋಡಿದವ್ರ ಮಾತು. ಅದೇ ಸಿನಿಮಾದ ನೀಲಿ ಮೀನು ಡೋರಿ ಬೇಕು ಅಂದ್ರೆ ಬೇರೆ ಮನೆ ಕಟ್ಸಿ.

ಪ್ರಶ್ನೆ: ಅಂಗಡಿಯವ್ರು ಬಾಟಲಿ ಬ್ಯಾಕ್ಟೀರಿಯಾ ಕೊಟ್ರು, ನಾಳೆನೇ ಮೀನು ಬಿಡಿ ಅಂದ್ರು.

ಉತ್ತರ: ಅವ್ರಿಗೆ ನಾಡಿದ್ದು ಇನ್ನೊಂದು ಜೊತೆ ಮಾರೋದಿದೆ. ಹೊಸ ಟ್ಯಾಂಕಲ್ಲಿ ಬ್ಯಾಕ್ಟೀರಿಯಾ ಬೆಳೆದು ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಆಗೋಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಟೆಸ್ಟ್ ಕಿಟ್ ಇಲ್ಲದೆ ನನ್ನನ್ನ ಪ್ರಶ್ನೆ ಕೇಳ್ಬೇಡಿ.

ಪ್ರಶ್ನೆ: ನಾವು ಶಿರಸಿಯವ್ರು, ಘಟ್ಟದ ಮೇಲೆ ಇದೆಲ್ಲ ಆಗುತ್ತಾ? ಕುಮಟಾದಿಂದ ನೀರು ತರ್ಬೇಕಾ?

ಉತ್ತರ: ದೇವಿಮನೆ ಘಾಟಿ ಹತ್ತಿಸಿ ಕ್ಯಾನ್ ಹೊರೋದು ಬೇಡ, ಮೇಲಿನ ಉತ್ತರನೇ ಓದಿ. ನಿಜ ಹೇಳ್ಬೇಕಂದ್ರೆ ನಿಮಗೇ ಸುಲಭ. ಟ್ಯಾಂಕ್ 25, 26 ಡಿಗ್ರಿಯಲ್ಲಿ ಇರ್ಬೇಕು, ಕಾರವಾರದಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಇದಕ್ಕೇ ಒದ್ದಾಟ. ನೀರಿನ ಮೇಲೆ ಫ್ಯಾನ್ ಬಿಟ್ರೆ ತಣ್ಣಗಾಗುತ್ತೆ ಅಂತ ಒಣ ಹವೆಯ ಊರಿನವ್ರು ವಿಡಿಯೋ ಹಾಕ್ತಾರೆ, ನಮ್ಮ ಸೆಕೆಯಲ್ಲಿ ಗಾಳಿನೇ ಒದ್ದೆ, ನೀರು ಆವಿಯಾದ್ರೆ ತಾನೇ ತಣ್ಣಗಾಗೋದು? ಇಲ್ಲಿಯವ್ರು ನೀರು ತಣ್ಣಗೆ ಮಾಡೋ ಚಿಲ್ಲರ್ ಮೆಷಿನ್ನಿಗೆ ದುಡ್ಡು ಎತ್ತಿಡಿ, ಇಲ್ಲಾಂದ್ರೆ ಎಸಿ ಇರೋ ಕೋಣೆಯಲ್ಲೇ ಟ್ಯಾಂಕ್ ಇಡಿ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟು ಹೋದ್ರೆ?

ಉತ್ತರ: ಹೋದ್ರೆ ಅಲ್ಲ, ಹೋಗೇ ಹೋಗುತ್ತೆ. ಲೈಟು ಆರಿದ್ರೆ ಒಂದು ದಿನ ಏನೂ ಆಗಲ್ಲ, ನೀರು ತಿರುಗೋದು ನಿಂತ್ರೆ ಆಕ್ಸಿಜನ್ ಇಳಿಯುತ್ತೆ. ಇನ್ವರ್ಟರಿಗೆ ಪಂಪ್ ಒಂದನ್ನೇ ಕೊಡಿ, ಬ್ಯಾಟರಿ ಏರ್ ಪಂಪ್ ಒಂದು ಪಕ್ಕದಲ್ಲಿಡಿ, ಆ ಹೊತ್ತಲ್ಲಿ ಮೀನಿಗೆ ತಿಂಡಿ ಹಾಕ್ಬೇಡಿ. ಕತ್ತಲಲ್ಲಿ ಸೊಳ್ಳೆ ಅಂತ ಅದೇ ಕೋಣೆಯಲ್ಲಿ ಕಾಯಿಲ್, ಸ್ಪ್ರೇ ಹಚ್ಚೋದೂ ಬೇಡ, ಅದರಲ್ಲಿರೋ ಪೈರಿಥ್ರಾಯ್ಡ್ ಅನ್ನೋ ಕೀಟನಾಶಕ ಮೀನಿಗೆ, ಸಿಗಡಿಗೆ ವಿಷ. ಸೊಳ್ಳೆ ಪರದೆ ಕಟ್ಕೊಂಡು ಮಲ್ಕೊಳ್ಳಿ.