ಚೀನೀಯರ ಪೇಟೆಯಲ್ಲಿ ಮಾರಿಯಮ್ಮನ ಗೋಪುರ

ಪ್ರಶ್ನೆ: ಸಿಂಗಪುರದಲ್ಲಿ ಕೆಲಸದಲ್ಲಿರುವ ಮಗ ನಮ್ಮನ್ನು ಅಲ್ಲಿನ ಚೈನಾಟೌನ್‌ಗೆ ಕರೆದೊಯ್ದಿದ್ದ. ಕೆಂಪು ಲಾಟೀನುಗಳನ್ನು ತೂಗುಬಿಟ್ಟ ಅಂಗಡಿಸಾಲಿನ ಪಕ್ಕದಲ್ಲೇ ಮಾರಿಯಮ್ಮನ ಗುಡಿ ಕಂಡು ಬೆರಗಾದೆ. ಇದನ್ನು ಪ್ರವಾಸಿಗರಿಗಾಗಿ ಈಚೆಗೆ ಕಟ್ಟಿದರೇ? ಆ ಪೇಟೆಗೆ ಚೀನೀಯರು ‘ಎತ್ತಿನಗಾಡಿ ನೀರು’ ಎನ್ನುತ್ತಾರೆಂದು ಮಗ ಹೇಳಿದ್ದು ನಿಜವೇ?
– ನಿವೃತ್ತ ಶಿಕ್ಷಕಿ, ಚಿತ್ರದುರ್ಗ

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. ಗುಡಿಯೂ ಈಚಿನದಲ್ಲ, ಅದು ಸಿಂಗಪುರದ ಅತ್ಯಂತ ಹಳೆಯ ಹಿಂದೂ ದೇವಾಲಯ, ಸ್ಥಾಪನೆಯಾದದ್ದು 1827ರಲ್ಲಿ. ನಿಮ್ಮ ಎರಡೂ ಪ್ರಶ್ನೆಗಳ ಉತ್ತರ ಒಂದೇ ಕಡೆಗೆ, ಅಂದರೆ ನೀರಿನ ಕಡೆಗೆ ಕರೆದೊಯ್ಯುತ್ತದೆ.

1819ರಲ್ಲಿ, ಸಿಂಗಪುರದಲ್ಲಿ ಬ್ರಿಟಿಷ್ ನೆಲೆ ಸ್ಥಾಪಿಸಿದ ಅಧಿಕಾರಿ ಸ್ಟ್ಯಾಂಫರ್ಡ್ ರಾಫಲ್ಸ್ ಜೊತೆ, ಮಲಯದ ಪಿನಾಂಗ್ ದ್ವೀಪದಿಂದ ಬಂದ ನಾರಾಯಣ ಪಿಳ್ಳೆ ಎಂಬ ತಮಿಳು ವ್ಯಾಪಾರಿ ಅಲ್ಲಿ ಇಟ್ಟಿಗೆ ಗೂಡು ಹಾಕಿ, ಕಟ್ಟಡ ಗುತ್ತಿಗೆ ಹಿಡಿದು, ತಮ್ಮ ಜನರಿಗೊಂದು ಗುಡಿ ಬೇಕೆಂದು ಸರ್ಕಾರವನ್ನು ಜಾಗ ಕೇಳಿದರು. ಮೊದಲು ತೆಲೊಕ್ ಆಯರ್ ಬೀದಿಯಲ್ಲಿ ಜಾಗ ಸಿಕ್ಕಿತಾದರೂ ಪೂಜೆಗೆ ಬೇಕಾದ ಸಿಹಿನೀರು ಅಲ್ಲಿರಲಿಲ್ಲವಾದ್ದರಿಂದ ಬಿಡಬೇಕಾಯಿತು. ಎರಡನೆಯ ಜಾಗ 1822ರ ನಗರ ಯೋಜನೆಯಿಂದಾಗಿ ಕೈತಪ್ಪಿತು. ಕೊನೆಗೆ 1823ರಲ್ಲಿ ಸೌತ್ ಬ್ರಿಡ್ಜ್ ರಸ್ತೆಯ ಈಗಿನ ಜಾಗ ದಕ್ಕಿತು. ಮೊದಲಿನದು ಮರ ಮತ್ತು ಗರಿಯ ಗುಡಿ. ನೀವು ನೋಡಿದ ಗೋಪುರ ಇಪ್ಪತ್ತನೆಯ ಶತಮಾನದ್ದು.

ಆ 1822ರ ಯೋಜನೆಯೇ ಸಿಂಗಪುರ ನದಿಯ ನೈಋತ್ಯ ಭಾಗವನ್ನು ಚೀನೀಯರಿಗೆಂದು ಗೆರೆ ಎಳೆದು ಕೊಟ್ಟದ್ದು. ಅವರೊಳಗೂ ಹೊಕ್ಕಿಯನ್ನರು ತೆಲೊಕ್ ಆಯರ್ ಸುತ್ತ, ತಿಯೋಚೂಗಳು ನದಿಯ ದಡದಲ್ಲಿ, ಕ್ಯಾಂಟನಿನವರು ಗುಡಿಯ ಹಿಂದಿನ ಬೀದಿಗಳಲ್ಲಿ, ಹೀಗೆ ಮಾತಿನ ಪ್ರಕಾರ ಕೇರಿಗಳಾದವು. ಭಾರತೀಯರಿಗೆ ಬೇರೆಡೆ ಜಾಗ ಗುರುತಿಸಿದ್ದರೂ ಗುಡಿ ಇಲ್ಲಿ ನಿಂತಿತು. ಅದಕ್ಕೆ ಒಂದು ವರ್ಷ ಮೊದಲೇ, 1826ರಲ್ಲಿ, ಕೋರಮಂಡಲ ತೀರದಿಂದ ಬಂದ ಚೂಲಿಯಾ ಮುಸ್ಲಿಮರು ನಾಲ್ಕು ಹೆಜ್ಜೆಯಾಚೆ ಜಾಮೆ ಮಸೀದಿಯನ್ನು ಸ್ಥಾಪಿಸಿದ್ದರು. ಚೀನೀಯರ ಪೇಟೆಯ ಟೆಂಪಲ್ ಸ್ಟ್ರೀಟ್ ಎಂಬ ಹೆಸರಿನಲ್ಲಿರುವ ಗುಡಿ ಈ ಮಾರಿಯಮ್ಮನದು, ಪಗೋಡ ಸ್ಟ್ರೀಟ್ ಎಂಬಲ್ಲಿನ ‘ಪಗೋಡ’ ನಿಮ್ಮನ್ನು ಬೆರಗುಗೊಳಿಸಿದ ಗೋಪುರ, ಮಾಸ್ಕ್ ಸ್ಟ್ರೀಟ್‌ನ ಮಸೀದಿ ಆ ತಮಿಳು ಮುಸ್ಲಿಮರದು. ಜನಸಂಖ್ಯೆಯ ಮುಕ್ಕಾಲು ಪಾಲು ಚೀನೀಯರೇ ಇರುವ ನಾಡಿನಲ್ಲಿ ಒಂದು ಮೂಲೆಯನ್ನು ಮಾತ್ರ ‘ಚೈನಾಟೌನ್’ ಎನ್ನುವುದು ನನಗೇನೋ ವಿಚಿತ್ರವಾಗಿಯೇ ಕಾಣುತ್ತದೆ.

ಅಲ್ಲಿನವರು ಇಟ್ಟ ಹೆಸರು ಇದಕ್ಕಿಂತ ವಾಸಿ. ನಲ್ಲಿ ಬರುವ ಮೊದಲು ಆನ್ ಸಿಯಾಂಗ್ ಗುಡ್ಡದ ಬಾವಿಗಳ ನೀರನ್ನು ಎತ್ತಿನಗಾಡಿಗಳಲ್ಲಿ ಹೇರಿ ಮನೆಮನೆಗೆ ಒಯ್ಯುತ್ತಿದ್ದರು. ಹಾಗಾಗಿ ಮಲಯ ಭಾಷೆಯಲ್ಲಿ ‘ಕ್ರೇತಾ ಆಯರ್’, ಅಂದರೆ ನೀರಿನ ಗಾಡಿ, ಎಂದೂ ಚೀನೀ ಭಾಷೆಯಲ್ಲಿ ‘ನ್ಯೂ ಚೆ ಶ್ವೆ’, ಅಂದರೆ ಎತ್ತು-ಗಾಡಿ-ನೀರು, ಎಂದೂ ಹೆಸರಾಯಿತು. ಮಳೆಯ ನೀರನ್ನು ಹೊಂಡದಿಂದ ಹೊಂಡಕ್ಕೆ ಇಳಿಸಿ ಸಂತೆಹೊಂಡದವರೆಗೆ ತಂದ ಕೋಟೆಯೂರಿನವರಾದ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಮತ್ತೊಮ್ಮೆ ಹೋಗುವುದಿದ್ದರೆ ದೀಪಾವಳಿಗೆ ಸ್ವಲ್ಪ ಮುಂಚೆ ಹೋಗಿರಿ. ಆಗ ಭಕ್ತರು ಸೆರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್ ದೇವಾಲಯದಿಂದ ಸುಮಾರು 4 ಕಿಲೋಮೀಟರ್ ನಡೆದು ಈ ಗುಡಿಗೆ ಬಂದು ಕೆಂಡ ಹಾಯುತ್ತಾರೆ. ಆ ಸೇವೆ ಸಲ್ಲುವುದು ಮಾರಿಯಮ್ಮನಿಗಲ್ಲ, ಅದೇ ಗುಡಿಯಲ್ಲಿರುವ ದ್ರೌಪದಿಗೆ.

ಪ್ರಶ್ನೆ: ಅದೇ ಚೈನಾಟೌನ್‌ನ ಹಳೆಯ ಅಂಗಡಿಗಳ ಮುಂದೆ ಉದ್ದಕ್ಕೂ ಮಾಡಿನ ಕೆಳಗೆ ನಡೆದಾಡುವ ಜಗುಲಿಯಿದೆಯಲ್ಲ, ಅದು ಚೀನೀಯರ ಪದ್ಧತಿಯೇ?
– ಕಿರಾಣಿ ವ್ಯಾಪಾರಿ, ಮಂಡಿಪೇಟೆ, ದಾವಣಗೆರೆ

ಉತ್ತರ: ಕೆಳಗೆ ಅಂಗಡಿ, ಮೇಲೆ ಮನೆ ಎಂಬ ಏರ್ಪಾಡು ನಿಮಗೆ ಹೊಸದಲ್ಲ. ಜಗುಲಿಯನ್ನು ಮಾತ್ರ ಕಡ್ಡಾಯ ಮಾಡಿದ್ದು 1822ರ ರಾಫಲ್ಸ್ ಆಜ್ಞೆ: ಪ್ರತಿ ಮನೆಯ ಮುಂದೆಯೂ ಬೀದಿಯುದ್ದಕ್ಕೆ ಮುಚ್ಚಿಗೆಯಿರುವ, ಎಲ್ಲರಿಗೂ ಸದಾ ತೆರೆದಿರುವ ದಾರಿ ಇರಬೇಕೆಂಬುದು. ಮಲಯ ಭಾಷೆಯವರು ಇದನ್ನು ‘ಕಾಕಿ ಲಿಮ’, ಅಂದರೆ ಐದಡಿ, ಎನ್ನುತ್ತಾರೆ. ದಾರಿಗೆಂದು ಬಿಟ್ಟ ಈ ಐದಡಿಯಲ್ಲಿ ಕ್ಷೌರಿಕರು, ಪತ್ರ ಬರೆದುಕೊಡುವವರು, ತಿಂಡಿ ಮಾರುವವರು ಬಹುಕಾಲ ಕುಳಿತಿದ್ದರು. ಬೀದಿಬದಿಯ ವ್ಯಾಪಾರಿಗಳನ್ನು 1983ರಲ್ಲಿ ಚೈನಾಟೌನ್ ಕಾಂಪ್ಲೆಕ್ಸ್ ಎಂಬ ಮಾರುಕಟ್ಟೆ ಕಟ್ಟಡಕ್ಕೆ ಸ್ಥಳಾಂತರಿಸಲಾಯಿತು.