ಬೆಕ್ಕಿಗೆ ಲಂಘನವಿಲ್ಲ

‘ನಮ್ಮ ದಪ್ಪ ಬೆಕ್ಕು ನಾಲ್ಕು ದಿನ ಏನೂ ಮುಟ್ಟಲಿಲ್ಲ. ಅತ್ತೆಯವರು “ಲಂಘನಂ ಪರಮೌಷಧಂ, ಸುಮ್ಮನೆ ಬಿಡು” ಎಂದರು. ಐದನೇ ದಿನ ಜೊಲ್ಲು ಸುರಿಸುತ್ತ ಗೋಡೆಗೆ ತಲೆ ಒತ್ತಿ ನಿಂತಿತು. ಪಕ್ಕದ ಮನೆಯವರು ಹುಚ್ಚು ಎಂದರು, ಡಾಕ್ಟರು ಲಿವರ್ ಎಂದರು. ಲಿವರ್ ಕೆಟ್ಟರೆ ತಲೆ ಕೆಡುತ್ತದೆಯೇ?’
— ಓದುಗರೊಬ್ಬರು, ಶಿರಸಿ

ಕೆಡುತ್ತದೆ, ತಾಯಿ. ಪಕ್ಕದ ಮನೆಯವರ ರೇಬೀಸ್ ಹೆದರಿಕೆಯೂ ಸುಳ್ಳಲ್ಲ; ಬೆಕ್ಕು ಯಾರನ್ನಾದರೂ ಕಚ್ಚಿದ್ದರೆ, ಪರಚಿದ್ದರೆ ಸೋಪು ಹಾಕಿ ತೊಳೆದು ಇವತ್ತೇ ಆಸ್ಪತ್ರೆಗೆ ಹೋಗಿ. ಅತ್ತೆಯವರ ಲಂಘನ ನಮ್ಮ ನಿಮ್ಮ ಅಜೀರ್ಣಕ್ಕೆ ಇರಲಿ. ಬೆಕ್ಕಿಗೆ ಅದು ವಿಷ.

ದಪ್ಪ ಬೆಕ್ಕು ಉಣ್ಣುವುದು ಬಿಟ್ಟರೆ ಮೈಯ ಕೊಬ್ಬೆಲ್ಲ ಲಿವರಿಗೆ ನುಗ್ಗಿ, ಕೆಲವೇ ದಿನಗಳಲ್ಲಿ ಅದನ್ನು ಬೆಣ್ಣೆಮುದ್ದೆ ಮಾಡುತ್ತದೆ. ಮಾಂಸದಂಥ ಪ್ರೋಟೀನು ಕರಗುವಾಗ ಹುಟ್ಟುವ ವಿಷ ಅಮೋನಿಯಾ; ಅದನ್ನು ಯೂರಿಯಾ ಮಾಡಿ ಹೊರಗಟ್ಟುವ ಲಿವರೇ ಸೋತರೆ ಆ ಅಮೋನಿಯಾ ಮಿದುಳಿಗೇರುತ್ತದೆ. ನೀವು ಕಂಡ ಜೊಲ್ಲು ಅದರದ್ದೇ. ಗಂಟೆ ಮತ್ತು ನಾಯಿಯಿಂದ ನಮಗೆಲ್ಲ ಗೊತ್ತಿರುವ ರಷ್ಯಾದ ವಿಜ್ಞಾನಿ ಪಾವ್ಲೋವ್, 1890ರ ದಶಕದಲ್ಲೇ ಕರುಳಿನ ರಕ್ತ ಲಿವರಿಗೆ ಹೋಗದಂತೆ ತಿರುಗಿಸಿದ ನಾಯಿಗಳು ಮಾಂಸ ತಿಂದು ತೂರಾಡುವುದನ್ನು ಕಂಡಿದ್ದ. ಬೆಕ್ಕಿನ ಪಾಡು ಇನ್ನೂ ನಾಜೂಕು. ಅಮೋನಿಯಾ ಕಳೆಯಲು ಬೇಕಾದ ಆರ್ಜಿನಿನ್ ಎಂಬ ಅಮೈನೋ ಆಮ್ಲ (ಪ್ರೋಟೀನಿನ ಒಂದು ತುಣುಕು) ಅದಕ್ಕೆ ಊಟದಿಂದಲೇ ಬರಬೇಕು. 1978ರ ಪ್ರಯೋಗವೊಂದರಲ್ಲಿ ಆರ್ಜಿನಿನ್ ಇಲ್ಲದ ಒಂದೇ ಒಂದು ಊಟ ಉಂಡ ಬೆಕ್ಕುಗಳು ಕೆಲವೇ ಗಂಟೆಗಳಲ್ಲಿ ವಾಂತಿ ಮಾಡಿ ತತ್ತರಿಸಿದವು. ಒಂದೇ ಊಟ!

ನಿಮ್ಮನ್ನು ಗದರಿಸುವ ಯೋಗ್ಯತೆ ನನಗೂ ಇಲ್ಲ. ನಮ್ಮ ಬೆಕ್ಕು ಬೋಡನಿಗೆ ಮೈ ಬಿಸಿಯೆಂದು ಅರ್ಧ ಪ್ಯಾರಾಸಿಟಮಾಲ್ ನುಂಗಿಸಿದವನು ನಾನೇ. ಆ ಮಾತ್ರೆಯ ವಿಷ ಕಳೆಯುವ ಶಕ್ತಿ ಬೆಕ್ಕಿನ ಲಿವರಿಗಿಲ್ಲ. ರಕ್ತವೇ ಕೆಟ್ಟು ಆಮ್ಲಜನಕ ಹೊರಲಾರದಾಗುತ್ತದೆ. ಸಂಜೆಯೊಳಗೆ ಅವನ ಒಸಡು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಮುಖ ಊದಿತ್ತು, ಕರೆದರೆ ಕಿವಿಯೂ ಅಲುಗಲಿಲ್ಲ. ಎತ್ತಿಕೊಂಡು ಓಡಿದ ದನದ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಹಸು, ಎಮ್ಮೆ, ಕುರಿ, ಕೋಳಿಗೆಲ್ಲ ಕಾಲಂ ಇತ್ತು. ಬೋಡ ‘ಇತರೆ’. ಹಾಲೋ ಮೊಟ್ಟೆಯೋ ಕೊಡದ ಪ್ರಾಣಿ ಈ ನಾಡಿನಲ್ಲಿ ಯಾವತ್ತೂ ಇತರೆಯೇ. ಇಲಿ ಹಿಡಿಯಲು ಬೆಕ್ಕು ಬೇಕು, ಖಾಯಿಲೆ ಬಿದ್ದರೆ ‘ಏಳು ಜನ್ಮ ಇದೆ ಬಿಡಿ’ ಅನ್ನುತ್ತೇವೆ.

ಇರಲಿ. ಡಾಕ್ಟರು ಕೊಳವೆ ಹಾಕಿ ಉಣಿಸೋಣ ಎಂದರೆ ಹಿಂಜರಿಯಬೇಡಿ, ಎಷ್ಟೋ ಬೆಕ್ಕುಗಳು ಹಾಗೇ ಬದುಕಿವೆ. ವಾರಗಟ್ಟಲೆ, ದಿನಕ್ಕೆ ನಾಲ್ಕಾರು ಸಲ ಸಿರಿಂಜಿನಲ್ಲಿ ನಿಧಾನವಾಗಿ ತಳ್ಳಬೇಕು. ಬೆಕ್ಕನ್ನು ಮಡಿಲಲ್ಲಿ ಹಿಡಿದುಕೊಳ್ಳಲು ಇನ್ನೊಬ್ಬರು ಬೇಕಾಗುತ್ತದೆ. ಅತ್ತೆಯವರನ್ನೇ ಕರೆಯಿರಿ.